ಮೂರು ಅಕ್ಷರ, ನಾಲ್ಕು ಪದ, ಕೈತಪ್ಪುವ ಒಂದು ಅಂಕ

ಎ, ಇ, ಟಿ. ಈ ಮೂರು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಸಲ ಮಾತ್ರ ಬಳಸಿ ಎಷ್ಟು ಅರ್ಥಪೂರ್ಣ ಇಂಗ್ಲಿಷ್ ಪದಗಳನ್ನು ರಚಿಸಬಹುದು? ಆಯ್ಕೆಗಳು ಹೀಗಿವೆ: ಒಂದೂ ಇಲ್ಲ, ಒಂದು, ಎರಡು, ಮೂರು, ಮೂರಕ್ಕಿಂತ ಹೆಚ್ಚು.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ ಈ ಬಗೆಯ ಪ್ರಶ್ನೆಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಕೋಚಿಂಗ್ ಸೆಂಟರಿನ ನೋಟ್ಸು, ಮೊಬೈಲಿನ ಮಾಕ್ ಟೆಸ್ಟು, ಎಲ್ಲಿ ಹುಡುಕಿದರೂ ಇದರ ಅಣ್ಣತಮ್ಮಂದಿರು ಸಿಗುತ್ತಾರೆ. ಕೆಲವೊಮ್ಮೆ ಅಕ್ಷರಗಳು ನಾಲ್ಕಿರುತ್ತವೆ. ಕೆಲವೊಮ್ಮೆ ಒಂದು ಉದ್ದನೆಯ ಪದ ಕೊಟ್ಟು, ಅದರ ಒಂದನೇ, ನಾಲ್ಕನೇ, ಆರನೇ, ಒಂಬತ್ತನೇ ಅಕ್ಷರ ತೆಗೆದು ಹೊಸ ಪದ ಕಟ್ಟಿ ಎನ್ನುತ್ತಾರೆ. ಆದರೆ ಪ್ರಶ್ನೆ ಕೂತಿರುವ ಜಾಗ ಮಾತ್ರ ಒಂದೇ. ಇಂಗ್ಲಿಷ್ ವಿಭಾಗದಲ್ಲಿ ಅಲ್ಲ, ರೀಸನಿಂಗ್ ವಿಭಾಗದಲ್ಲಿ. ಅಂದರೆ ನಮ್ಮ ತರ್ಕಶಕ್ತಿಯನ್ನು ಅಳೆಯುವ ಕಡೆ.

ಈಗ ಉತ್ತರ ಹುಡುಕೋಣ. ಇ-ಎ-ಟಿ ಅಂದರೆ ತಿನ್ನು. ಎ-ಟಿ-ಇ ಅಂದರೆ ತಿಂದ. ಟಿ-ಇ-ಎ ಅಂದರೆ ಚಹಾ. ಒಟ್ಟು ಮೂರು. ‘ಮೂರು’ ಎಂಬ ಆಯ್ಕೆಯೂ ಅಲ್ಲೇ ಇದೆ, ಒತ್ತಿ ಮುಂದಿನ ಪ್ರಶ್ನೆಗೆ ಹೋಗಬಹುದು. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದಿದವರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಇ-ಟಿ-ಎ ಎಂಬ ಪದವೂ ಇದೆಯಲ್ಲ! ಅದು ಗ್ರೀಕ್ ವರ್ಣಮಾಲೆಯ ಏಳನೇ ಅಕ್ಷರದ ಹೆಸರು. ಉಷ್ಣ ಎಂಜಿನ್ನಿನ ದಕ್ಷತೆಯನ್ನು ಬರೆಯುವಾಗ ಬಳಸುವ ಚಿಹ್ನೆ. ಇಂಗ್ಲಿಷ್ ನಿಘಂಟಿನಲ್ಲೂ ಅದಕ್ಕೆ ಜಾಗವಿದೆ. ಹಾಗಾದರೆ ನಾಲ್ಕಾಯಿತು, ಉತ್ತರ ‘ಮೂರಕ್ಕಿಂತ ಹೆಚ್ಚು’.

ಪ್ರಶ್ನೆ ತೆಗೆದವರ ಮನಸ್ಸಿನಲ್ಲಿ ಮೂರೇ ಪದ ಇದ್ದರೆ ನಾಲ್ಕು ಗೊತ್ತಿದ್ದವರು ಸೋಲುತ್ತಾರೆ. ಅವರ ಮನಸ್ಸಿನಲ್ಲಿ ನಾಲ್ಕಿದ್ದರೆ ಮೂರು ಗೊತ್ತಿದ್ದವರು ಸೋಲುತ್ತಾರೆ. ಇಬ್ಬರಲ್ಲಿ ಯಾರ ತರ್ಕವೂ ತಪ್ಪಿಲ್ಲ. ಹಾಗಿದ್ದ ಮೇಲೆ ತರ್ಕದ ಹೆಸರಿನಲ್ಲಿ ಅಂಕ ಕಳೆಯುವುದು ಎಷ್ಟು ಸರಿ?

ನನ್ನ ವಾದ ಇಷ್ಟೇ. ಅಕ್ಷರ ಜೋಡಿಸುವ ಆಟದಲ್ಲಿ ತರ್ಕ ಇದೆ, ನಿಜ. ಆದರೆ ‘ಅರ್ಥಪೂರ್ಣ ಇಂಗ್ಲಿಷ್ ಪದ ಎಷ್ಟು’ ಎಂದು ಕೇಳಿದ ಕೂಡಲೇ ಅದು ತರ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಶಬ್ದಭಂಡಾರದ ಪ್ರಶ್ನೆಯಾಗುತ್ತದೆ. ಅದರ ಜಾಗ ಇಂಗ್ಲಿಷ್ ವಿಭಾಗ. ರೀಸನಿಂಗ್ ವಿಭಾಗದಿಂದ ಅದನ್ನು ಎತ್ತಿಬಿಡಬೇಕು.

ತರ್ಕ ಎಲ್ಲಿ ನಿಲ್ಲುತ್ತದೆ?

ಮೂರು ಬೇರೆ ಬೇರೆ ಅಕ್ಷರಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು. ನಾಲ್ಕನ್ನು 24 ರೀತಿಯಲ್ಲಿ, ಐದನ್ನು 120 ರೀತಿಯಲ್ಲಿ. ಇದು ಗಣಿತ. ಹಾವೇರಿಯ ಹುಡುಗನಿಗೂ, ಬೆಂಗಳೂರಿನ ಹುಡುಗಿಗೂ, ಪಟ್ನಾದಲ್ಲಿ ಕೂತು ಬರೆಯುವವರಿಗೂ ಒಂದೇ ಲೆಕ್ಕ. ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬರೆಯದೆ 24 ಜೋಡಣೆಗಳನ್ನು ಕ್ರಮವಾಗಿ ಬರೆಯುವುದಕ್ಕೆ ಶಿಸ್ತು ಬೇಕು, ಯೋಚನೆ ಬೇಕು. ಅಲ್ಲಿಯವರೆಗೆ ಇದು ರೀಸನಿಂಗ್ ಎಂದು ನಾನೂ ಒಪ್ಪುತ್ತೇನೆ.

ಆಮೇಲೆ ಏನಾಗುತ್ತದೆ ನೋಡಿ. ಎಲ್, ಇ, ಎ, ಪಿ ಎಂಬ ನಾಲ್ಕು ಅಕ್ಷರ ತೆಗೆದುಕೊಳ್ಳಿ. ಎಲ್-ಇ-ಎ-ಪಿ ಅಂದರೆ ನೆಗೆತ, ‘ಲೀಪ್ ಇಯರ್’ ಮೂಲಕ ಎಲ್ಲರಿಗೂ ಗೊತ್ತು. ಪಿ-ಎ-ಎಲ್-ಇ ಅಂದರೆ ಪೇಲವ, ಅದೂ ಗೊತ್ತಿರಬಹುದು. ಪಿ-ಎಲ್-ಇ-ಎ ಅಂದರೆ ಮನವಿ, ಕೋರ್ಟು ಸುದ್ದಿ ಓದುವವರಿಗೆ ಹೊಳೆಯುತ್ತದೆ. ಪಿ-ಇ-ಎ-ಎಲ್ ಅಂದರೆ ಗಂಟೆಗಳ ಮೊಳಗು. ಇದು ಎಷ್ಟು ಜನರಿಗೆ ಗೊತ್ತು? 24 ಜೋಡಣೆಯನ್ನೂ ತಪ್ಪಿಲ್ಲದೆ ಬರೆದ ಅಭ್ಯರ್ಥಿ ಈ ಕೊನೆಯ ಪದದ ಮುಂದೆ ನಿಂತಾಗ ಅವನ ಯಾವ ತರ್ಕವೂ ನೆರವಿಗೆ ಬರುವುದಿಲ್ಲ. ಆ ಪದ ಎಂದಾದರೂ ಕಣ್ಣಿಗೆ ಬಿದ್ದಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಅವನು ‘ಮೂರು’ ಎಂದು ಗುರುತು ಹಾಕುತ್ತಾನೆ, ಸರಿ ಉತ್ತರ ‘ಮೂರಕ್ಕಿಂತ ಹೆಚ್ಚು’ ಆಗಿರುತ್ತದೆ. ಬಂದಿದ್ದರೆ ಸಿಗುತ್ತಿದ್ದ ಒಂದು ಅಂಕ ಹೋಯಿತು, ಅದರ ಮೇಲೆ ನೆಗೆಟಿವ್ ಮಾರ್ಕಿಂಗಿನ ಕಾಲು ಅಂಕವೂ ಹೋಯಿತು.

ಅಕ್ಷರ ಎಣಿಸಿದ ನಿರುದ್ಯೋಗಿ

ಅಕ್ಷರದ ಆಟವೇ ಕೆಟ್ಟದ್ದು ಎಂದು ಯಾರೂ ತಿಳಿಯಬೇಡಿ. ಈ ಆಟಗಳ ಇತಿಹಾಸ ಕೆಲಸ ಹುಡುಕುತ್ತಿರುವ ನಮಗೆ ಸ್ವಲ್ಪ ಹತ್ತಿರದ್ದೇ. ಅಮೆರಿಕದ ಆಲ್‌ಫ್ರೆಡ್ ಮೋಷರ್ ಬಟ್ಸ್ ಒಬ್ಬ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಅವರ ಕೆಲಸ ಹೋಯಿತು. ಖಾಲಿ ಕೂತ ಮನುಷ್ಯ ದಿನಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸತೊಡಗಿದರು. ಆ ಎಣಿಕೆಯ ಮೇಲೆ ಒಂದು ಆಟ ಕಟ್ಟಿದರು. ಮುಂದೆ 1948ರಲ್ಲಿ ಜೇಮ್ಸ್ ಬ್ರೂನಾಟ್ ಎಂಬವರು ಅದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟು ಮಾರುಕಟ್ಟೆಗೆ ತಂದರು.

ಸ್ಕ್ರ್ಯಾಬಲ್‌ನಲ್ಲಿ ಒಟ್ಟು 100 ಬಿಲ್ಲೆಗಳು. ಅವುಗಳಲ್ಲಿ ಇ ಅಕ್ಷರವೇ 12, ಯಾಕೆಂದರೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವುದು ಅದೇ. ಕ್ಯೂ ಮತ್ತು ಝಡ್ ಒಂದೊಂದೇ, ಆದರೆ ಪ್ರತಿಯೊಂದಕ್ಕೂ 10 ಅಂಕ. ಎಸ್ ಇಂಗ್ಲಿಷಿನಲ್ಲಿ ಬೇಕಾದಷ್ಟು ಬಳಕೆಯಲ್ಲಿದ್ದರೂ ಆಟದಲ್ಲಿ ನಾಲ್ಕೇ ಇದೆ. ಯಾವ ಪದಕ್ಕಾದರೂ ಕೊನೆಗೆ ಎಸ್ ಅಂಟಿಸಿ ಬಹುವಚನ ಮಾಡಿಬಿಟ್ಟರೆ ಆಟ ತೀರಾ ಸುಲಭವಾಗುತ್ತದೆ ಎಂದು ಬಟ್ಸ್ ಬೇಕೆಂದೇ ಕಡಿಮೆ ಇಟ್ಟರು. ಇದೆಲ್ಲ ಅಪ್ಪಟ ಲೆಕ್ಕಾಚಾರ.

ನಮ್ಮ ಕಾಲದ ವರ್ಡಲ್ ಕೂಡ ಹಾಗೆಯೇ. ಜಾಶ್ ವಾರ್ಡಲ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಸಂಗಾತಿ ಪಲಕ್ ಶಾಗಾಗಿ ಮಾಡಿದ ಆಟ ಅದು. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದುಕೊಂಡಿತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಐದು ಅಕ್ಷರದ ಒಂದು ಪದ, ಆರು ಪ್ರಯತ್ನ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದು ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ಸ್ಲೇಟ್, ಕ್ರೇನ್‌ನಂಥ ಪದಗಳಿಂದ ಶುರು ಮಾಡುವವರು ಬಹಳ, ಯಾಕೆಂದರೆ ಅವುಗಳಲ್ಲಿ ಹೆಚ್ಚು ಬಳಕೆಯ ಅಕ್ಷರಗಳಿವೆ. 26 ಅಕ್ಷರಗಳಿಂದ ಐದರ ಜೋಡಣೆ 1,18,81,376 ಬರುತ್ತದೆ. ಅಷ್ಟರಲ್ಲಿ ಒಂದನ್ನು ಆರು ಪ್ರಯತ್ನದಲ್ಲಿ ಹಿಡಿಯುವುದೆಂದರೆ ಇಲ್ಲದ್ದನ್ನು ಒಂದೊಂದಾಗಿ ಹೊರಗೆ ಹಾಕುತ್ತಾ ಹೋಗುವ ಕೆಲಸ. ತರ್ಕ ಎಂದರೆ ಅದೇ.

ಆದರೆ ಒಂದು ವಿಷಯ ಗಮನಿಸಿ. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಇವೆ ಎಂದು ವಾರ್ಡಲ್ ಪಟ್ಟಿ ಮಾಡಿಕೊಂಡರು. ಅದರಲ್ಲಿ ಎಷ್ಟೋ ಪದಗಳನ್ನು ಇಂಗ್ಲಿಷ್ ಮಾತಾಡುವವರೂ ಕೇಳಿರುವುದಿಲ್ಲ. ಹಾಗಾಗಿ ಪಲಕ್ ಶಾ ಒಂದೊಂದೇ ಪದ ನೋಡುತ್ತಾ ತನಗೆ ಗೊತ್ತಿರುವುದು, ಗೊತ್ತಿಲ್ಲದ್ದು ಎಂದು ಬೇರೆ ಮಾಡಿದರು. ಉತ್ತರವಾಗಿ ಬರಬಹುದಾದ ಪದಗಳು ಸುಮಾರು 2,500ಕ್ಕೆ ಇಳಿದವು. ಬಿಡುವಿನ ವೇಳೆಯ ಆಟ ಮಾಡುವವರಿಗೇ ಆಡುವವರ ಮೇಲೆ ಇಷ್ಟು ಕಾಳಜಿ ಇತ್ತು. ಕೆಲಸ ಕೊಡುವ ಪರೀಕ್ಷೆಯಲ್ಲಿ ಯಾವ ಪಟ್ಟಿ ಎಂದು ಯಾರೂ ಹೇಳುವುದೇ ಇಲ್ಲ.

‘ಅರ್ಥಪೂರ್ಣ’ ಎಂದು ಹೇಳುವವರು ಯಾರು?

ಸ್ಕ್ರ್ಯಾಬಲ್ ಸ್ಪರ್ಧೆಗಳಲ್ಲಿ ಈ ಜಗಳಕ್ಕೆ ಅವಕಾಶವೇ ಇಲ್ಲ. ಯಾವ ಪದ ನಡೆಯುತ್ತದೆ ಎಂಬುದಕ್ಕೆ ಅಚ್ಚಾದ ಪಟ್ಟಿ ಇದೆ. ಆ ಪಟ್ಟಿಗಳೂ ಒಂದೇ ಥರ ಇಲ್ಲ. ಅಮೆರಿಕದ ಆಟಗಾರರ 2018ರ ಪಟ್ಟಿಯಲ್ಲಿ ಎರಡಕ್ಷರದ ಪದಗಳು 107. ಬ್ರಿಟನ್ ಸೇರಿ ಉಳಿದೆಡೆ ಬಳಕೆಯಲ್ಲಿದ್ದ ಕಾಲಿನ್ಸ್ ಕಂಪನಿಯ 2019ರ ಪಟ್ಟಿಯಲ್ಲಿ 127. ಬರೀ ಎರಡು ಅಕ್ಷರದ ಪದಗಳಲ್ಲೇ 20 ಪದಗಳ ವ್ಯತ್ಯಾಸ! ಆದರೂ ಆಟಗಾರರು ಬೇಸರಪಡುವುದಿಲ್ಲ, ಯಾಕೆಂದರೆ ಕೂರುವ ಮೊದಲೇ ಯಾವ ಪಟ್ಟಿ ಎಂದು ಗೊತ್ತಿರುತ್ತದೆ.

ಇಂಗ್ಲಿಷ್ ತಾಯ್ನುಡಿಯಾದವರೂ ಇಂಥ ಕಡೆ ಎಡವುತ್ತಾರೆ. 2022ರ ಮೇ ತಿಂಗಳಲ್ಲಿ ಒಂದು ದಿನ ವರ್ಡಲ್ ಉತ್ತರ ಎಚ್-ಒ-ಎಂ-ಇ-ಆರ್ ಆಗಿತ್ತು. ಗ್ರೀಕ್ ಕವಿ ಹೋಮರ್ ಅಲ್ಲ. ಬೇಸ್‌ಬಾಲ್‌ನಲ್ಲಿ ಹೊಡೆಯುವ ‘ಹೋಮ್ ರನ್’ಗೆ ಅಮೆರಿಕನ್ನರ ಆಡುಮಾತಿನ ಹೆಸರು. ಬೇಸ್‌ಬಾಲ್ ಗೊತ್ತಿಲ್ಲದ ಬೇರೆ ದೇಶಗಳ ಆಟಗಾರರು ಇದೂ ಒಂದು ಪದವೇ ಎಂದು ನಿಘಂಟು ಹುಡುಕಲು ಮುಗಿಬಿದ್ದರು. ಎಷ್ಟರ ಮಟ್ಟಿಗೆ ಅಂದರೆ ಆ ವರ್ಷ ಕೇಂಬ್ರಿಜ್ ನಿಘಂಟು ತನ್ನ ‘ವರ್ಷದ ಪದ’ ಎಂದು ಅದನ್ನೇ ಆರಿಸಿತು. ಅದೇ ವರ್ಷ ಎಫ್-ಎ-ವಿ-ಒ-ಆರ್ ಎಂಬ ಉತ್ತರ ಬಂದಾಗ ಬ್ರಿಟನ್ನಿನವರು ಸಿಟ್ಟಾದರು, ಅವರ ಕಾಗುಣಿತದಲ್ಲಿ ಅದಕ್ಕೆ ನಡುವೆ ಒಂದು ಯು ಸೇರಿ ಆರು ಅಕ್ಷರ. ನಮಗೆ ಶಾಲೆಯಲ್ಲಿ ಕಲಿಸಿದ್ದೂ ಆ ಆರು ಅಕ್ಷರದ್ದೇ.

ಲಂಡನ್ನಿನಲ್ಲಿ ಕೂತವರಿಗೆ ಅಮೆರಿಕದ ಪದ ಅರ್ಥಪೂರ್ಣ ಅನ್ನಿಸದಿದ್ದರೆ, ಇಂಡಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಗಂಟೆ ಮೊಳಗಿನ ಪದ ಹೊಳೆಯದಿದ್ದರೆ ಆಶ್ಚರ್ಯವೇನು? ಪದವೊಂದು ‘ಅರ್ಥಪೂರ್ಣ’ ಆಗುವುದು ಓದಿದ ಪುಸ್ತಕ, ಬೆಳೆದ ಊರು, ನೋಡಿದ ಆಟಗಳಿಂದ. ಅದನ್ನು ತರ್ಕ ಎಂದು ಕರೆಯಲಾಗದು.

ಪಟ್ಟಿ ಬಾಯಿಪಾಠ ಮಾಡಿದರೆ?

‘ಹಾಗಾದರೆ ಪಟ್ಟಿ ಬಾಯಿಪಾಠ ಮಾಡಿ’ ಎನ್ನುತ್ತಾರೆ ಕೆಲವು ಕೋಚಿಂಗ್ ಮೇಷ್ಟ್ರು. ಬಾಯಿಪಾಠದಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನೈಜೆಲ್ ರಿಚರ್ಡ್ಸ್ ಎಂಬ ನ್ಯೂಜಿಲೆಂಡಿನವರಿಗಿಂತ ದೊಡ್ಡ ಉದಾಹರಣೆ ಇಲ್ಲ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದವರು. 2015ರಲ್ಲಿ ಅವರು ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ! ಸುಮಾರು ಒಂಬತ್ತು ವಾರ ಕೂತು ಫ್ರೆಂಚ್ ಪದಪಟ್ಟಿಯನ್ನು ತಲೆಗೆ ಹಾಕಿಕೊಂಡಿದ್ದರು. 2024ರಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯನ್ನೂ ಇದೇ ರೀತಿ ಗೆದ್ದರು.

ಈ ಕಥೆಯಿಂದ ಎರಡು ವಿಷಯ ತಿಳಿಯುತ್ತದೆ. ಅಕ್ಷರದಾಟ ಗೆದ್ದವರಿಗೆಲ್ಲ ಆ ಭಾಷೆ ಬರುತ್ತದೆ ಎಂದೇನಿಲ್ಲ. ಭಾಷೆ ಬಂದವರೆಲ್ಲ ಅಕ್ಷರದಾಟ ಗೆಲ್ಲುತ್ತಾರೆ ಎಂದೂ ಇಲ್ಲ. ಅಂದ ಮೇಲೆ ‘ಎಷ್ಟು ಅರ್ಥಪೂರ್ಣ ಪದ’ ಎಂಬ ಪ್ರಶ್ನೆ ಏನನ್ನು ಅಳೆಯುತ್ತಿದೆ? ತರ್ಕವನ್ನಲ್ಲ, ಯಾಕೆಂದರೆ ಕೊನೆಗೆ ನಿರ್ಧಾರವಾಗುವುದು ಪದ ಗೊತ್ತಿದೆಯೋ ಇಲ್ಲವೋ ಎಂಬುದರ ಮೇಲೆ. ಇಂಗ್ಲಿಷ್ ಜ್ಞಾನವನ್ನೂ ಅಲ್ಲ, ಯಾಕೆಂದರೆ ಪದದ ಅರ್ಥ ಏನು, ವಾಕ್ಯದಲ್ಲಿ ಹೇಗೆ ಬಳಸುತ್ತೀರಿ ಎಂದು ಅದು ಕೇಳುವುದೇ ಇಲ್ಲ. ಎರಡೂ ಅಲ್ಲದ ಪ್ರಶ್ನೆಗೆ ಒಂದು ಅಂಕ ಇಟ್ಟಿದ್ದಾರೆ.

ನಮ್ಮ ಅಕ್ಷರದ ಲೆಕ್ಕವೇ ಬೇರೆ

ಕನ್ನಡದಲ್ಲಿ ಓದಿ ಬಂದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ದಿನಪತ್ರಿಕೆಯ ಪದಬಂಧ ತುಂಬುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿಯೇ ಒಂದು. ‘ಸ್ತ್ರೀ’ ಒಂದೇ ಚೌಕ. ‘ಕನ್ನಡ’ ಮೂರು ಚೌಕ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏಳಾಗುತ್ತದೆ.

‘ವಿಕಟಕವಿ’ ನಮ್ಮ ಐದಕ್ಷರದ ಪದ. ಎಡದಿಂದ ಓದಿದರೂ ಬಲದಿಂದ ಓದಿದರೂ ವಿಕಟಕವಿಯೇ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದಿನಿಂದ ಓದಿ ನೋಡಿ, ಐ-ವಿ-ಎ-ಕೆ ಎಂದು ಶುರುವಾಗಿ ಎಲ್ಲಿಗೋ ಹೋಗುತ್ತದೆ. ‘ನದಿ’ಯ ಎರಡು ಅಕ್ಷರ ಅದಲುಬದಲು ಮಾಡಿದರೆ ನಮಗೆ ‘ದಿನ’ ಸಿಗುತ್ತದೆ, ‘ಸರ’ ತಿರುಗಿಸಿದರೆ ‘ರಸ’. ಇಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಓಡಾಡುತ್ತದೆ. ಇಂಗ್ಲಿಷಿನಲ್ಲಿ ಸ್ವರ ಬೇರೆ, ವ್ಯಂಜನ ಬೇರೆ, ಎರಡನ್ನೂ ಬಿಡಿಸಿ ಎಲ್ಲಿ ಬೇಕಾದರೂ ಇಡಬಹುದು. ಮೇಲಾಗಿ ಇಟ್ಟ ಜಾಗದ ಮೇಲೆ ಉಚ್ಚಾರವೂ ಬದಲಾಗುತ್ತದೆ. ಅದೇ ಮೂರು ಅಕ್ಷರ ಒಮ್ಮೆ ಈಟ್, ಒಮ್ಮೆ ಟೀ. ಬರೆದ ಹಾಗೆ ಓದುವ, ಓದಿದ ಹಾಗೆ ಬರೆಯುವ ಭಾಷೆಯಿಂದ ಬಂದವರಿಗೆ ಈ ಆಟಕ್ಕೆ ಕಣ್ಣು ಹೊಂದಿಸಿಕೊಳ್ಳಲು ಸಮಯ ಬೇಕು. ಇದು ದಡ್ಡತನವಲ್ಲ. ಹುಟ್ಟಿದಾಗಿನಿಂದ ನೋಡಿದ ಲಿಪಿಯ ಅಭ್ಯಾಸ ಅಷ್ಟೆ.

ಇದನ್ನು ಬರೀ ಕನ್ನಡಿಗರ ಗೋಳು ಎಂದೂ ತಿಳಿಯಬೇಕಿಲ್ಲ. ತೆಲುಗು, ತಮಿಳು, ಮಲಯಾಳ, ಹಿಂದಿ ಮಾಧ್ಯಮದವರಿಗೂ ಇದೇ ಪಾಡು.

ಕುಣಿಯಲಾರದವರಿಗೆ ನೆಲ ಡೊಂಕೇ?

ಇದನ್ನೆಲ್ಲ ಕೇಳಿ ‘ಕುಣಿಯಲಾರದವರಿಗೆ ನೆಲ ಡೊಂಕು’ ಎಂದು ನಗುವವರಿದ್ದಾರೆ. ಅವರ ಮಾತಿಗೂ ಉತ್ತರ ಕೊಡೋಣ.

ಮೊದಲನೆಯದು, ‘ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷ್ ಬೇಡವೇ?’ ಬೇಕು. ಸುತ್ತೋಲೆ ಓದಬೇಕು, ಇಮೇಲ್ ಬರೆಯಬೇಕು. ಅದಕ್ಕೆಂದೇ ಪರೀಕ್ಷೆಯಲ್ಲಿ ಪ್ರತ್ಯೇಕ ವಿಭಾಗ ಇದೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪೂರ್ವಭಾವಿ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 30 ಇಂಗ್ಲಿಷಿಗೆ, 35 ಲೆಕ್ಕಕ್ಕೆ, 35 ರೀಸನಿಂಗಿಗೆ ಮೀಸಲು. ಪ್ರತಿ ವಿಭಾಗಕ್ಕೂ 20 ನಿಮಿಷ. ಇಂಗ್ಲಿಷನ್ನು ಅಲ್ಲಿ ಎಷ್ಟು ಕಠಿಣವಾಗಿ ಬೇಕಾದರೂ ಕೇಳಲಿ, ನಮ್ಮ ತಕರಾರಿಲ್ಲ. ಆದರೆ ಒಮ್ಮೆ ಅಳೆದ ಇಂಗ್ಲಿಷನ್ನೇ ತರ್ಕದ ಹೆಸರಿನಲ್ಲಿ ಇನ್ನೊಮ್ಮೆ ಅಳೆಯುವುದು ಯಾವ ನ್ಯಾಯ?

ಎರಡನೆಯದು, ‘ಈಗ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದಲ್ಲ?’ ಹೌದು. 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಹೇಳಿತು. ವರ್ಷಗಳ ಬೇಡಿಕೆ ಅದು, ಸಂತೋಷದ ವಿಷಯ. ಆದರೆ ಯೋಚಿಸಿ: ‘ಇಷ್ಟು ಅಕ್ಷರಗಳಿಂದ ಎಷ್ಟು ಅರ್ಥಪೂರ್ಣ ಇಂಗ್ಲಿಷ್ ಪದ ರಚಿಸಬಹುದು’ ಎಂಬುದನ್ನು ಕನ್ನಡಕ್ಕೆ ಅನುವಾದಿಸಿದರೆ ಪ್ರಶ್ನೆ ಕನ್ನಡವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಬಾಗಿಲಿಗೆ ಕನ್ನಡ ಫಲಕ ಹಾಕಿ ಒಳಗೆ ಬೀಗ ಹಾಕಿದ ಹಾಗೆ. ರೀಸನಿಂಗನ್ನು ಕನ್ನಡದಲ್ಲಿ ಬರೆಯಲು ಬಿಟ್ಟಿದ್ದೇ ಭಾಷೆ ಅಡ್ಡ ಬರದಿರಲಿ ಎಂದು. ಆ ಉದ್ದೇಶವನ್ನೇ ಈ ಪ್ರಶ್ನೆ ಮುರಿಯುತ್ತದೆ.

ಮೂರನೆಯದು, ‘ಒಂದು ಪ್ರಶ್ನೆಗೆ ಇಷ್ಟೊಂದು ಗಲಾಟೆಯೇ?’ ಕಟ್ ಆಫ್ ಪಟ್ಟಿ ನೋಡಿದವರಿಗೆ ಒಂದು ಪ್ರಶ್ನೆಯ ಬೆಲೆ ಗೊತ್ತು. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಅಂದರೆ ಗೊತ್ತಿದ್ದವರಿಗೂ ತಪ್ಪಿದವರಿಗೂ ನಡುವೆ ಒಂದೂಕಾಲು ಅಂಕದ ಅಂತರ. ಕಾಲು ಅಂಕದಲ್ಲಿ ಮೇನ್ಸ್ ತಪ್ಪಿಸಿಕೊಂಡು ಮತ್ತೊಂದು ವರ್ಷ ರೂಮು ಬಾಡಿಗೆ, ಮೆಸ್ಸಿನ ಬಿಲ್ಲು, ಲೈಬ್ರರಿ ಫೀಸು ಎಂದು ಮನೆಯವರ ಮುಂದೆ ಕೈಚಾಚುವವರು ಧಾರವಾಡದ ಓಣಿಗಳಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಎಷ್ಟಿದ್ದಾರೆ ಎಂದು ಹೋಗಿ ಕೇಳಿ.

ನ್ಯಾಯವಾದ ಪ್ರಶ್ನೆ ಹೇಗಿರುತ್ತದೆ?

ಅಕ್ಷರಗಳನ್ನು ಇಟ್ಟುಕೊಂಡೇ ಒಳ್ಳೆಯ ರೀಸನಿಂಗ್ ಪ್ರಶ್ನೆ ತೆಗೆಯಬಹುದು, ಈಗಲೂ ತೆಗೆಯುತ್ತಾರೆ. ಒಂದು ಉದ್ದನೆಯ ಪದ ಕೊಟ್ಟು, ಕೆಳಗಿನ ನಾಲ್ಕರಲ್ಲಿ ಯಾವ ಪದವನ್ನು ಇದರ ಅಕ್ಷರಗಳಿಂದ ರಚಿಸಲಾಗದು ಎಂದು ಕೇಳುವ ಮಾದರಿ ನೋಡಿ. ಕಾನ್‌ಸ್ಟಿಟ್ಯೂಷನ್ ಎಂಬ ಪದದಿಂದ ಟ್ಯೂಷನ್ ಕಟ್ಟಬಹುದು, ಬೇಕಾದ ಏಳು ಅಕ್ಷರವೂ ಅದರಲ್ಲಿವೆ. ಸ್ಟೇಷನ್ ಕಟ್ಟಲಾಗದು, ಅದಕ್ಕೆ ಬೇಕಾದ ಎ ಇಲ್ಲ. ಇಲ್ಲಿ ಪದದ ಅರ್ಥ ಗೊತ್ತಿರಬೇಕಾಗಿಯೇ ಇಲ್ಲ. ಕಣ್ಣು ಚುರುಕಾಗಿದ್ದರೆ, ತಾಳ್ಮೆ ಇದ್ದರೆ ಸಾಕು. ಉತ್ತರದ ಬಗ್ಗೆ ಇಬ್ಬರು ಜಗಳ ಆಡುವ ಪ್ರಶ್ನೆಯೂ ಬರುವುದಿಲ್ಲ.

ಇನ್ನೊಂದು ಮಾದರಿ: ನಾಲ್ಕು ಅಕ್ಷರಗಳ 24 ಜೋಡಣೆಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆದರೆ ಏಳನೆಯದು ಯಾವುದು? ಇದೂ ಅಪ್ಪಟ ತರ್ಕ. ಇಂಗ್ಲಿಷ್ ವರ್ಣಮಾಲೆಯ ಕ್ರಮ ಎಲ್ಲರಿಗೂ ಗೊತ್ತು. ಅಥವಾ ಅಕ್ಷರದ ಬದಲು ಸಂಖ್ಯೆ, ಚಿಹ್ನೆ ಕೊಡಲಿ. ‘ಅರ್ಥಪೂರ್ಣ ಪದ’ ಕೇಳಲೇಬೇಕು ಎಂದಿದ್ದರೆ ಇಂಗ್ಲಿಷ್ ವಿಭಾಗಕ್ಕೆ ಕಳಿಸಲಿ, ಅಲ್ಲಿಯೂ ಯಾವ ನಿಘಂಟು ಆಧಾರ ಎಂದು ಸೂಚನೆಯಲ್ಲಿ ಒಂದು ಸಾಲು ಬರೆಯಲಿ. ಇದಕ್ಕೆ ಹಣ ಖರ್ಚಿಲ್ಲ, ಕಾನೂನು ತಿದ್ದುಪಡಿ ಬೇಕಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರು ಮನಸ್ಸು ಮಾಡಿದರೆ ಆಯಿತು.

ಅಲ್ಲಿಯವರೆಗೆ ನಾವೇನು ಮಾಡಬೇಕು?

ಪ್ರಶ್ನೆ ಬದಲಾಗುವವರೆಗೆ ಕಾಯುತ್ತಾ ಕೂರಲಾಗದು, ಪರೀಕ್ಷೆಯ ದಿನಾಂಕ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಇದನ್ನು ಎದುರಿಸುವ ದಾರಿಯನ್ನೂ ಹೇಳಬೇಕು.

ಕೊಟ್ಟ ಅಕ್ಷರಗಳಲ್ಲಿ ಸ್ವರಗಳು ಯಾವುವು ಎಂದು ಮೊದಲು ಬೇರೆ ಮಾಡಿ: ಎ, ಇ, ಐ, ಒ, ಯು. ವೈ ಕೂಡ ಹಲವು ಕಡೆ ಸ್ವರದ ಕೆಲಸ ಮಾಡುತ್ತದೆ. ಟಿ-ಎಚ್, ಎಸ್-ಎಚ್, ಸಿ-ಎಚ್, ಎಸ್-ಟಿ ಜೋಡಿಗಳಿದ್ದರೆ ಒಟ್ಟಿಗೆ ಇಟ್ಟು ನೋಡಿ. ಎಸ್ ಇದ್ದರೆ ಅದನ್ನು ಕೊನೆಗೆ ಹಾಕಿ ಬಹುವಚನ ಸಿಗುತ್ತದೆಯೇ ಪರೀಕ್ಷಿಸಿ. ಕ್ಯೂ ಬಂದರೆ ಅದರ ಪಕ್ಕ ಯು ಹುಡುಕಿ. ಜೆ, ವಿ ಅಕ್ಷರಗಳಿಂದ ಮುಗಿಯುವ ಇಂಗ್ಲಿಷ್ ಪದ ತೀರಾ ಅಪರೂಪ, ಹಾಗಾಗಿ ಅಂಥ ಜೋಡಣೆಗಳನ್ನು ಮೊದಲೇ ಬಿಟ್ಟುಬಿಡಿ. ಇಷ್ಟು ಮಾಡಿದರೆ 24ರಲ್ಲಿ ಎಷ್ಟೋ ತಾವಾಗಿ ಉದುರುತ್ತವೆ.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರಬಲ್ಲ ಗುಂಪುಗಳನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಎಸ್-ಟಿ-ಒ-ಪಿ ಅಕ್ಷರಗಳಿಂದ ಸ್ಟಾಪ್, ಸ್ಪಾಟ್, ಪೋಸ್ಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಎಂದು ಆರು ಪದ ಬರುತ್ತವೆ. ಎ-ಇ-ಆರ್ ಅಕ್ಷರಗಳಿಂದ ಇಯರ್, ಆರ್, ಈರಾ ಎಂದು ಮೂರು: ಕಿವಿ, ‘ಇದ್ದಾರೆ’ ಎನ್ನುವಾಗಿನ ಕ್ರಿಯಾಪದ, ಯುಗ. ಒಂದೊಂದು ಪದ ಕಲಿತಾಗಲೂ ಅದನ್ನಿಟ್ಟು ಒಂದು ವಾಕ್ಯ ಬರೆಯಿರಿ. ಆಗ ಅದು ರೀಸನಿಂಗಿಗೂ ಆಯಿತು, ಇಂಗ್ಲಿಷ್ ವಿಭಾಗಕ್ಕೂ ಆಯಿತು, ನಾಳೆ ಇಂಟರ್‌ವ್ಯೂನಲ್ಲಿ ಬಾಯಿ ಬಿಡುವುದಕ್ಕೂ ಆಯಿತು. ವಾಕ್ಯವಿಲ್ಲದ ಪದಪಟ್ಟಿ ಬರೀ ಪಟ್ಟಿಯಾಗಿಯೇ ಉಳಿಯುತ್ತದೆ.

ಪರೀಕ್ಷಾ ಕೊಠಡಿಯಲ್ಲಿ ಎರಡು ಆಯ್ಕೆಗಳ ನಡುವೆ ತೂಗಾಡುವಂತಾದರೆ ಅಲ್ಲೇ ಎರಡು ನಿಮಿಷ ಕಳೆಯಬೇಡಿ. ಗುರುತು ಮಾಡಿ ಮುಂದೆ ಹೋಗಿ, ಸಮಯ ಉಳಿದರೆ ವಾಪಸ್ ಬನ್ನಿ. 20 ನಿಮಿಷದಲ್ಲಿ 35 ಪ್ರಶ್ನೆ ಎಂದರೆ ಒಂದಕ್ಕೆ 34 ಸೆಕೆಂಡು. ಯಾರ ನಿಘಂಟು ಎಂದೇ ಗೊತ್ತಿಲ್ಲದ ಪ್ರಶ್ನೆಗೆ, ಖಚಿತ ಉತ್ತರವಿರುವ ಮೂರು ಪ್ರಶ್ನೆಗಳ ಸಮಯ ಕೊಡುವುದು ನಷ್ಟದ ವ್ಯಾಪಾರ.

ಕೊನೆಯದಾಗಿ, ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುವ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆ ಬಂದರೆ ಸುಮ್ಮನಿರಬೇಡಿ. ನಿಘಂಟಿನ ಪುಟವನ್ನು ಜೊತೆಗಿಟ್ಟು ಆಕ್ಷೇಪಣೆ ಸಲ್ಲಿಸಿ. ರೂಮಿನಲ್ಲಿ ಕೂತು ಬೈದುಕೊಂಡರೆ ಯಾರ ಕಿವಿಗೂ ಬೀಳುವುದಿಲ್ಲ, ಬರಹದಲ್ಲಿ ಕೊಟ್ಟ ಆಕ್ಷೇಪಣೆಗೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಇಂಗ್ಲಿಷ್ ಕಲಿಯಲು ನಾವು ತಯಾರಿದ್ದೇವೆ, ಕಲಿಯುತ್ತಲೂ ಇದ್ದೇವೆ. ನಾವು ಕೇಳುತ್ತಿರುವುದು ರಿಯಾಯಿತಿಯಲ್ಲ. ಇಂಗ್ಲಿಷನ್ನು ಇಂಗ್ಲಿಷ್ ವಿಭಾಗದಲ್ಲಿ ಅಳೆಯಿರಿ, ತರ್ಕವನ್ನು ತರ್ಕದ ವಿಭಾಗದಲ್ಲಿ ಅಳೆಯಿರಿ ಎಂದಷ್ಟೇ.